‘ನಾನು’ ಯಾವ ಲಿಂಗ?

ಗುಮಾಸ್ತರು ಅರ್ಜಿಯನ್ನು ಎರಡು ಸಲ ಮಗುಚಿ ನೋಡಿದರು. ಅಫಿಡವಿಟ್ಟು, ಆಧಾರಿನ ಜೆರಾಕ್ಸು, ಹಳೆಯ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಎರಡು ಫೋಟೊ. ಎಲ್ಲ ಸರಿಯಾಗಿಯೇ ಇತ್ತು. ಅರ್ಜಿ ಕೊಟ್ಟವಳು ನನ್ನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಳು. ಹದಿನಾಲ್ಕು ವರ್ಷದ ಹಿಂದೆ ನನ್ನ ಕನ್ನಡ ಪೀರಿಯಡ್ಡಿನಲ್ಲಿ ಇವಳು ಹುಡುಗರ ಸಾಲಿನ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದಳು. ‘ಕೂರುತ್ತಿದ್ದ’ ಎಂದು ಮೊದಲು ಬರೆದು, ಹೊಡೆದುಹಾಕಿ, ಮತ್ತೆ ಬರೆದಿದ್ದೇನೆ. ಹೆಸರು ಬದಲಾಯಿಸಿಕೊಳ್ಳಬೇಕು, ಜೊತೆಗೆ ಒಬ್ಬರು ಹಿರಿಯರು ಇದ್ದರೆ ಒಳ್ಳೆಯದು ಎಂದು ಕರೆದಿದ್ದಳು, ಹೋಗಿದ್ದೆ.

ಗುಮಾಸ್ತರು ಕೆಟ್ಟವರೇನಲ್ಲ. ಇಬ್ಬರಿಗೂ ಟೀ ತರಿಸಿದರು. ಆಮೇಲೆ ದನಿ ತಗ್ಗಿಸಿ, ಅವಳನ್ನು ನೋಡದೆ ನನ್ನನ್ನು ನೋಡುತ್ತ ಕೇಳಿದರು: “ಎಲ್ಲಾ ಪೂರ್ತಿ ಆಗಿದೆ ತಾನೇ?”

ಮೆಟ್ಟಿಲು ಇಳಿಯುವಾಗ ಅವಳು, “ಏನು ಪೂರ್ತಿ ಆಗ್ಬೇಕಿತ್ತು ಅಂತ ಕೇಳ್ಬೇಕಿತ್ತು ನಾನು” ಅಂದಳು. ಸಿಟ್ಟಿನಿಂದ ಅಂದದ್ದಲ್ಲ, ನಿಜಕ್ಕೂ ಕುತೂಹಲ.

ಗುಮಾಸ್ತರು ಕೇಳಿದ್ದು ಆಪರೇಷನ್ ಬಗ್ಗೆ ಎಂಬುದು ಮೂವರಿಗೂ ಗೊತ್ತಿತ್ತು. ನೆಂಟರೂ ಅದನ್ನೇ ಕೇಳುತ್ತಾರೆ, ಬಾಡಿಗೆ ಮನೆಯ ಓನರ್ರೂ ಅದನ್ನೇ ಕೇಳುತ್ತಾರೆ. ಲಿಂಗ ಬದಲಾವಣೆ ಎಂದರೆ ನಮ್ಮ ತಲೆಯಲ್ಲಿ ಒಂದು ಬಸ್ ಪ್ರಯಾಣ: ಹತ್ತಿದ ಊರು ಗಂಡು, ಇಳಿಯುವ ಊರು ಹೆಣ್ಣು, ಅಥವಾ ಇಳಿಯುವುದು ಗಂಡಿನ ಊರಿನಲ್ಲಿ. ನಡುವೆ ಎಲ್ಲಾದರೂ ಸಿಕ್ಕಿದರೆ ‘ಇನ್ನೂ ತಲುಪಿಲ್ವಾ’ ಎನ್ನುತ್ತೇವೆ. ಸಹಾನುಭೂತಿ ಉಳ್ಳವರು ಇದಕ್ಕಿಂತ ಚೆಂದದ ಇನ್ನೊಂದು ಚಿತ್ರ ಇಟ್ಟುಕೊಂಡಿರುತ್ತಾರೆ: ಒಳಗೆ ಹುಟ್ಟಿನಿಂದಲೂ ಒಬ್ಬಳು ಕೂತಿದ್ದಳು, ಈಗ ಬಾಗಿಲು ತೆಗೆದು ಹೊರಗೆ ಬಂದಳು. ಎರಡು ಚಿತ್ರದಲ್ಲೂ ತಲುಪಬೇಕಾದ್ದು ಮೊದಲೇ ಸಿದ್ಧವಾಗಿ ಎಲ್ಲೋ ಇದೆ. ಇವಳನ್ನು ಹತ್ತಿರದಿಂದ ನೋಡಿದ ಮೇಲೆ ನನಗೆ ಎರಡರ ಮೇಲೂ ನಂಬಿಕೆ ಹೋಗಿದೆ.

ದನಿಯ ವಿಷಯವನ್ನೇ ತೆಗೆದುಕೊಳ್ಳಿ. ಹೆಣ್ಣಿನಿಂದ ಗಂಡಿನ ಕಡೆಗೆ ಹೊರಟವರಿಗೆ ಟೆಸ್ಟೊಸ್ಟೆರೋನ್ ಶುರುವಾದ ಕೆಲವು ತಿಂಗಳಲ್ಲೇ ದನಿ ಒಡೆದು ದಪ್ಪವಾಗುತ್ತದೆ, ಗಡ್ಡ ತುಂಬಲು ಮಾತ್ರ ವರ್ಷಗಳೇ ಹಿಡಿಯುತ್ತವೆ. ಗಂಡಿನಿಂದ ಹೆಣ್ಣಿನ ಕಡೆಗೆ ಹೊರಟವರಿಗೆ ಈಸ್ಟ್ರೊಜೆನ್ ಮೈಯನ್ನು ನಿಧಾನಕ್ಕೆ ಬದಲಾಯಿಸಿದರೂ ಒಮ್ಮೆ ಒಡೆದ ದನಿಯನ್ನು ಹಿಂದಕ್ಕೆ ತರುವುದಿಲ್ಲ. ಅದನ್ನು ಕಲಿಯಬೇಕು, ಸಂಗೀತ ಕಲಿತ ಹಾಗೆ. ಇವಳು ದಿನಾ ಬೆಳಿಗ್ಗೆ ಅಡುಗೆಮನೆಯಲ್ಲಿ ಕುಕ್ಕರ್ ಇಟ್ಟು, ಫೋನಿನ ರೆಕಾರ್ಡರ್ ಒತ್ತಿ, ಪೇಪರಿನ ತಲೆಬರಹಗಳನ್ನು ಗಟ್ಟಿಯಾಗಿ ಓದುತ್ತಾಳೆ. ಮೂರು ಸೀಟಿಯೊಳಗೆ ಒಂದು ಪುಟ. ಆಮೇಲೆ ಕೇಳಿಸಿಕೊಳ್ಳುತ್ತಾಳೆ. ಶ್ರುತಿ ಏರಿಸುವುದು ಸುಲಭವಂತೆ. ಕಷ್ಟ ಇರುವುದು ದನಿ ಎಲ್ಲಿ ಮೊಳಗುತ್ತದೆ ಎಂಬುದರಲ್ಲಿ, ಎದೆಯಲ್ಲೋ ಬಾಯಲ್ಲೋ. ಆಟೋ ಕೂಗುವಾಗ ಹಳೆಯ ದನಿ ನುಗ್ಗಿ ಬರುತ್ತದೆ. ಮೊದಲು ಟೀವಿಯ ನಿರೂಪಕಿಯರ ಹಾಗೆ ಮಾತಾಡಲು ನೋಡಿದಳಂತೆ, ಕೇಳಿದವರಿಗೆ ನಾಟಕ ಅನಿಸಿತು. ಆಮೇಲೆ ಅತ್ತಿಗೆಯ ದನಿ ಹಿಡಿಯಲು ಹೋದಳು. ಈಗ ಇರುವುದು ಸ್ವಲ್ಪ ಒರಟು, ಸ್ವಲ್ಪ ಒಣ. ಸಂತೆಯಲ್ಲಿ ಸೊಪ್ಪು ಮಾರುತ್ತಿದ್ದ ತನ್ನ ಅಜ್ಜಿಯ ದನಿಗೆ ಹತ್ತಿರ ಎಂದು ಅವಳಿಗೇ ಒಂದು ದಿನ ಹೊಳೆಯಿತು. “ಹುಡುಕಿದ್ದು ಇದನ್ನಲ್ಲ. ಆದರೆ ಸಿಕ್ಕಿದ ಮೇಲೆ ಇದೇ ಅನ್ನಿಸ್ತು. ಕೆಮ್ಮು ಮಾತ್ರ ಇನ್ನೂ ಹಳೇದೇ.”

ಹುಡುಕಿದ್ದು ಇದನ್ನಲ್ಲ, ಸಿಕ್ಕಿದ ಮೇಲೆ ಇದೇ ಅನ್ನಿಸಿತು. ಈ ಮಾತಿನಲ್ಲಿ ಎರಡೂವರೆ ಸಾವಿರ ವರ್ಷದ ಹಳೆಯ ತೊಡಕೊಂದು ಇದೆ. ಪ್ಲೇಟೊ ಬರೆದ ‘ಮೆನೊ’ ಸಂವಾದದಲ್ಲಿ ಮೆನೊ ಸಾಕ್ರಟೀಸನಿಗೆ ಇದನ್ನೇ ಕೇಳುತ್ತಾನೆ: ಏನೆಂದು ಗೊತ್ತಿಲ್ಲದ್ದನ್ನು ಹುಡುಕುವುದು ಹೇಗೆ, ಅಕಸ್ಮಾತ್ ಅದು ಎದುರಿಗೆ ಬಂದರೂ ಇದೇ ಅದು ಎಂದು ತಿಳಿಯುವುದು ಹೇಗೆ? ಆತ್ಮಕ್ಕೆ ಎಲ್ಲ ಮೊದಲೇ ಗೊತ್ತಿತ್ತು, ಕಲಿಕೆ ಎಂದರೆ ನೆನಪು ಮಾಡಿಕೊಳ್ಳುವುದು ಎಂಬುದು ಸಾಕ್ರಟೀಸನ ಉತ್ತರ. ಒಳಗೆ ಕೂತಿದ್ದವಳು ಹೊರಗೆ ಬಂದಳು ಎನ್ನುವವರು ಅರಿವಿಲ್ಲದೆ ಈ ಪಕ್ಷ. ನನಗೆ ಈ ಉತ್ತರಕ್ಕಿಂತ ಉಪನಿಷತ್ತಿನ ನೇತಿ ಮಾರ್ಗ ಹತ್ತಿರದ್ದು. ಮನುಷ್ಯನಿಗೆ ತಾನು ಏನು ಎಂಬುದಕ್ಕಿಂತ ಬಹಳ ಮೊದಲೇ ತಾನು ಏನಲ್ಲ ಎಂಬುದು ಗೊತ್ತಾಗುತ್ತದೆ. ಹುಡುಗರ ಸಾಲಿನಲ್ಲಿ ಕೂತಿದ್ದಾಗ ಇವಳಿಗೆ ಗೊತ್ತಿದ್ದದ್ದು ‘ಇದಲ್ಲ’ ಎಂಬುದಷ್ಟೇ. ‘ಇದು’ ಏನೆಂದು ತಿಳಿಯಲು ಒಂದೊಂದನ್ನೇ ಹಾಕಿ ನೋಡಬೇಕಾಯಿತು. ಹಾಕಿ ನೋಡಿದ ಹಾಗೆಲ್ಲ ಹುಡುಕುವ ಕಣ್ಣೂ ಬದಲಾಯಿತು.

ಕನ್ನಡದ ‘ಕಂಡುಕೊಳ್ಳು’ ಎಂಬ ಮಾತು ಈ ಕೆಲಸಕ್ಕೆ ಸರಿಯಾಗಿ ಹೊಂದುತ್ತದೆ. ಕಾಣುವುದು ಒಂದು ಗಳಿಗೆಯ ಮಾತು. ಕೊಳ್ಳುವುದಕ್ಕೆ ಬೆಲೆ ತೆರಬೇಕು, ಒಮ್ಮೊಮ್ಮೆ ಕಂತಿನಲ್ಲಿ.

ಮೂವತ್ತು ವರ್ಷ ವ್ಯಾಕರಣ ಪಾಠ ಮಾಡಿದ ಚಾಳಿ, ಮಾತು ಅಲ್ಲಿಗೇ ಎಳೆಯುತ್ತದೆ. ಆದರೆ ಈ ವಿಷಯದಲ್ಲಿ ನಮ್ಮ ವ್ಯಾಕರಣಕ್ಕೆ ಹೇಳಲು ನಿಜಕ್ಕೂ ಏನೋ ಇದೆ. ಹಿಂದಿಯಲ್ಲಿ ‘ನಾನು ಬಂದೆ’ ಎನ್ನಬೇಕಾದರೆ ಗಂಡಸು ‘ಆಯಾ’ ಎನ್ನಬೇಕು, ಹೆಂಗಸು ‘ಆಯೀ’ ಎನ್ನಬೇಕು. ಬಾಯಿ ತೆರೆದ ಕೂಡಲೇ ಗುಟ್ಟು ರಟ್ಟು. ಕನ್ನಡದಲ್ಲಿ ಬಂದೆ, ಹೋದೆ, ನಕ್ಕೆ, ಅತ್ತೆ: ಯಾವುದಕ್ಕೂ ಲಿಂಗವಿಲ್ಲ. ನೀನು ಬಂದೆ, ನೀವು ಬಂದಿರಿ, ಅಲ್ಲೂ ಇಲ್ಲ. ಎದುರುಬದುರು ಇರುವ ಇಬ್ಬರ ನಡುವೆ ಕನ್ನಡದ ಕ್ರಿಯಾಪದ ಲಿಂಗ ಕೇಳುವುದೇ ಇಲ್ಲ. ಮೂರನೆಯವರ ಬಗ್ಗೆ ಮಾತಾಡುವಾಗ ಮಾತ್ರ ಬಂದ, ಬಂದಳು, ಬಂತು ಎಂದು ಆರಿಸಬೇಕಾಗುತ್ತದೆ. ಈ ಬರಹದಲ್ಲಿ ಇಷ್ಟು ಹೊತ್ತು ‘ನಾನು’ ಎನ್ನುತ್ತಲೇ ಬಂದಿದ್ದೇನೆ. ನಾನು ಗಂಡೋ ಹೆಣ್ಣೋ ನಿಮಗೆ ಹೇಳಿಲ್ಲ, ಭಾಷೆ ಹೇಳಿಸಲೂ ಇಲ್ಲ.

ಇಲ್ಲಿಗೇ ನಿಲ್ಲಿಸಿದರೆ ಲಿಂಗ ಎಂಬುದು ಬೇರೆಯವರ ಬಾಯಲ್ಲಿ ಇರುವ ವಸ್ತು, ಒಳಗೆ ಏನೂ ಇಲ್ಲ ಎಂದು ಸುಲಭವಾಗಿ ತೀರ್ಮಾನ ಮಾಡಬಹುದಿತ್ತು. ವ್ಯಾಕರಣ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ನಾನು, ನೀನು, ತಾನು ಎಂಬ ಮೂರನ್ನು ನಮ್ಮ ಶಾಲೆಯ ವ್ಯಾಕರಣ ವಾಚ್ಯಲಿಂಗ ಎಂಬ ಗುಂಪಿಗೆ ಸೇರಿಸುತ್ತದೆ. ಅವಕ್ಕೆ ಸ್ವಂತದ ಲಿಂಗವಿಲ್ಲ, ಯಾರನ್ನು ಹೇಳುತ್ತವೋ ಅವರ ಲಿಂಗವೇ ಅವುಗಳದು. ನಾನು ಚಿಕ್ಕವನು, ನಾನು ಚಿಕ್ಕವಳು. ಮಾಡಿದ್ದನ್ನು ಹೇಳುವಾಗ ಬೇಡವಾದ ಲಿಂಗ, ಇಂಥವರು ಎಂದು ಹೇಳಿಕೊಳ್ಳುವಾಗ ಬೇಕಾಗುತ್ತದೆ. ಇವಳು ಬೆಂಗಳೂರಿಗೆ ಹೋದ ಹೊಸದರಲ್ಲಿ ಯಾರಾದರೂ ಯಾವ ಊರು ಎಂದರೆ ‘ನಮ್ಮೂರು ಅರಸೀಕೆರೆ’ ಎನ್ನುತ್ತಿದ್ದಳಂತೆ. ಅರಸೀಕೆರೆಯವನು ಎನ್ನಲು ನಾಲಿಗೆ ಒಪ್ಪದು, ಅರಸೀಕೆರೆಯವಳು ಎನ್ನಲು ಧೈರ್ಯ ಸಾಲದು. ಹೀಗೆ ನಾಲ್ಕು ವರ್ಷ ಪ್ರತ್ಯಯ ತಪ್ಪಿಸಿಕೊಂಡು ಓಡಾಡಿದಳು. ಕೊನೆಗೆ ಒಂದು ರಾತ್ರಿ ಬಸ್ಸಿನಲ್ಲಿ, ಪಕ್ಕದ ಸೀಟಿನ ಗುರುತಿಲ್ಲದ ಹೆಂಗಸು ಚಕ್ಕುಲಿ ಕೊಟ್ಟು ಊರು ಕೇಳಿದಾಗ ‘ಅರಸೀಕೆರೆಯವಳು’ ಎಂದು ಬಾಯಿಂದ ಬಂತು. ಆ ಹೆಂಗಸು ‘ಓ, ನಮ್ಮ ನಾದಿನಿ ಕೊಟ್ಟಿರೋ ಊರು’ ಎಂದು ಇನ್ನೊಂದು ಚಕ್ಕುಲಿ ಕೊಟ್ಟಳು. ಅಷ್ಟೇ ನಡೆದದ್ದು. ತನ್ನ ಬದುಕಿನ ದೊಡ್ಡ ದಿನ ಯಾವುದು ಎಂದು ಕೇಳಿದರೆ ಅವಳು ಹೇಳುವುದು ಆ ಚಕ್ಕುಲಿಯ ರಾತ್ರಿಯನ್ನು.

ಅದನ್ನು ಕೇಳಿದ ಮೇಲೆ ನನಗೆ ಸ್ಪಷ್ಟವಾದದ್ದು ಇಷ್ಟು. ತನ್ನನ್ನು ಕಂಡುಕೊಳ್ಳುವುದು ಒಬ್ಬರೇ ಕೋಣೆಯಲ್ಲಿ ಕಣ್ಣು ಮುಚ್ಚಿ ಮಾಡುವ ಕೆಲಸವಲ್ಲ. ಹೇಳಿ ನೋಡಬೇಕು, ಇನ್ನೊಬ್ಬರು ಅದನ್ನು ಕೇಳಿಸಿಕೊಳ್ಳಬೇಕು, ಅವರು ಕೇಳಿಸಿಕೊಂಡದ್ದು ತನ್ನ ಕಿವಿಗೆ ತಿರುಗಿ ಬೀಳಬೇಕು. ಕೇಳಿಸಿಕೊಳ್ಳುವವರು ದಿನಕ್ಕೊಬ್ಬರು ಹೊಸಬರು. ಆದ್ದರಿಂದಲೇ ಇದು ಮುಗಿಯುವ ಬಾಬತ್ತಲ್ಲ.

ನಡುವೆ ಒಂದು ಮಾತು. ನಮ್ಮ ವ್ಯಾಕರಣಕಾರರು ಮೂರು ಲಿಂಗಕ್ಕೆ ನಿಲ್ಲಲಿಲ್ಲ. ಪುನ್ನಪುಂಸಕ, ಸ್ತ್ರೀನಪುಂಸಕ ಎಂದು ಎಣಿಸುತ್ತ ಹಳಗನ್ನಡದಲ್ಲಿ ಒಂಬತ್ತರವರೆಗೆ ಹೋದರು. ಬೆಂಗಳೂರಿನ ಬೀದಿಯಲ್ಲಿ ಇಂಥವರನ್ನು ಹಂಗಿಸುವ ಹುಡುಗರ ಬಾಯಲ್ಲಿರುವ ಬೈಗುಳವೂ ‘ಒಂಬತ್ತು’. ಎರಡಕ್ಕೂ ಸಂಬಂಧವಿಲ್ಲ. ಆದರೂ ಪಾಠ ಮಾಡುವಾಗ ಆ ಸಂಖ್ಯೆ ಬಂದರೆ ಕೊನೆಯ ಬೆಂಚು ಕಿಸಕ್ಕೆನ್ನುತ್ತಿತ್ತು. ಆ ಬೆಂಚಿನಲ್ಲಿ ಇವಳೂ ಇದ್ದಳು. ನಾನು ಡಸ್ಟರ್ ಕುಟ್ಟಿ ಪಾಠ ಮುಂದುವರಿಸಿದೆ.

ಈ ವಿಷಯ ಬಂದಾಗಲೆಲ್ಲ ಸಭೆಗಳಲ್ಲಿ ಜೇಡರ ದಾಸಿಮಯ್ಯನ ವಚನವನ್ನು ಎತ್ತುತ್ತಾರೆ. ಮೈಯ ಗುರುತು ನೋಡಿ ಹೆಣ್ಣು ಗಂಡು ಎನ್ನುತ್ತೇವೆ, ಒಳಗಿನ ಆತ್ಮಕ್ಕೆ ಎರಡೂ ಇಲ್ಲ ಎಂಬ ಭಾವದ ವಚನ. ದೊಡ್ಡ ಮಾತು, ನಿಜ. ಅದನ್ನು ಬಳಸುವ ರೀತಿಯ ಬಗ್ಗೆ ನನಗೆ ತಕರಾರಿದೆ. ‘ಆತ್ಮಕ್ಕೇ ಲಿಂಗವಿಲ್ಲ ಅಂದ ಮೇಲೆ ನಿನಗ್ಯಾಕಮ್ಮ ಸೀರೆಯ ಹಟ?’ ಎಂದು ಇಂಥವರಿಗೆ ಮಾತ್ರ ಕೇಳುತ್ತೇವೆ. ಪೇಟ ಕಟ್ಟಿಕೊಂಡು ಹಸೆಮಣೆಯ ಮೇಲೆ ಕೂತ ವರನಿಗೆ ಈ ವಚನವನ್ನು ಯಾರೂ ಓದಿ ಹೇಳಿದ್ದು ನಾನು ಕಂಡಿಲ್ಲ. ಮಂಜಮ್ಮ ಜೋಗತಿ ತಮ್ಮ ಆತ್ಮಕಥೆಗೆ (ನಿರೂಪಣೆ ಅರುಣ್ ಜೋಳದಕೂಡ್ಲಿಗಿ) ಇಟ್ಟ ಹೆಸರು ‘ನಡುವೆ ಸುಳಿವ ಹೆಣ್ಣು’. ದಾಸಿಮಯ್ಯನ ನುಡಿಯನ್ನೇ ಹಿಡಿದು, ಆತ್ಮ ಇದ್ದ ಜಾಗದಲ್ಲಿ ಹೆಣ್ಣನ್ನು ಕೂರಿಸಿದ್ದಾರೆ. ಹನ್ನೊಂದನೆಯ ಶತಮಾನದ ವಚನಕಾರನ ಜೊತೆ ಇಷ್ಟು ಚುಟುಕಾಗಿ, ಇಷ್ಟು ಗೌರವದಿಂದ ಜಗಳ ಮಾಡಿದವರು ಕಡಿಮೆ.

ಮಂಜಮ್ಮನವರ ಬದುಕು ಇನ್ನೊಂದು ಕಾರಣಕ್ಕೂ ಇಲ್ಲಿ ಬೇಕು. ಬಳ್ಳಾರಿ ಸೀಮೆಯಲ್ಲಿ ಹುಟ್ಟಿದಾಗಿನ ಹೆಸರು ಮಂಜುನಾಥ. ಹುಲಿಗಿಯ ಹುಲಿಗೆಮ್ಮನ ಸನ್ನಿಧಿಯಲ್ಲಿ ಉಡಿದಾರ ಹರಿದು, ಸೀರೆ ಉಡಿಸಿ, ಬಳೆ ತೊಡಿಸಿ, ಜೋಗತಿ ಮಾಡಿದರು. ಜೋಗಪ್ಪಗಳ ಲೋಕದಲ್ಲಿ ‘ನಾನು ನನ್ನನ್ನು ಕಂಡುಕೊಂಡೆ’ ಎನ್ನುವ ರೂಢಿಯಿಲ್ಲ. ಎಲ್ಲಮ್ಮ ಹಿಡಿದಳು, ಅಮ್ಮ ಮೈಮೇಲೆ ಬಂದಳು ಎನ್ನುತ್ತಾರೆ. ಹುಡುಕಿದವಳು ದೇವಿ, ಸಿಕ್ಕಿದ್ದು ಇವರು. ಆಧುನಿಕ ವಿಚಾರವಂತರಿಗೆ ಇದು ಮೂಢನಂಬಿಕೆಯಾಗಿ ಕಾಣಬಹುದು. ನನಗೆ ಇದರಲ್ಲಿ ಒಂದು ಅನುಭವದ ಸತ್ಯ ಕಾಣುತ್ತದೆ: ಇದು ನಾನು ಅಂಗಡಿಯಲ್ಲಿ ಆರಿಸಿ ತಂದದ್ದಲ್ಲ, ಬೇಡವೆಂದರೂ ಹಿಡಿದದ್ದು ಎಂಬ ಸತ್ಯ. ಆಯ್ಕೆ ಎಂಬ ಪದವನ್ನು ನಾವು ಈ ವಿಷಯದಲ್ಲಿ ಬಹಳ ಧಾರಾಳವಾಗಿ ಬಳಸುತ್ತೇವೆ.

ಇರಲಿ. ಉಡಿದಾರ ಹರಿದದ್ದು ಒಂದು ದಿನದ ಶಾಸ್ತ್ರ. ತಲೆಯ ಮೇಲೆ ಕೊಡ ಹೊತ್ತು, ಕೈ ಹಿಡಿಯದೆ, ಚೌಡಿಕೆಯ ಲಯಕ್ಕೆ ಕುಣಿಯುವುದನ್ನು ಕಾಳವ್ವ ಜೋಗತಿಯ ಬಳಿ ಕಲಿಯಲು ಒಂದು ದಿನ ಸಾಲಲಿಲ್ಲ. ಜೋಗತಿಯಾದದ್ದು ಹುಲಿಗಿಯಲ್ಲೋ, ಕೊಡ ನಿಂತ ದಿನವೋ, 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷರ ಕುರ್ಚಿಯಲ್ಲಿ ಕೂತಾಗಲೋ, 2021ರ ನವೆಂಬರಿನಲ್ಲಿ ಪದ್ಮಶ್ರೀ ಸ್ವೀಕರಿಸುವ ಮುಂಚೆ ಸೆರಗು ಹಿಡಿದು ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದಾಗಲೋ? ಪ್ರತಿ ಸಲವೂ ಎನ್ನುವುದೇ ಸರಿ. ಆ ದೃಷ್ಟಿ ತೆಗೆದದ್ದನ್ನು ದೇಶವೆಲ್ಲ ಟೀವಿಯಲ್ಲಿ ನೋಡಿತು. ಜೋಗತಿಯ ಕೈ ದರ್ಬಾರ್ ಹಾಲಿನಲ್ಲೂ ತನ್ನ ಕೆಲಸ ಮರೆಯಲಿಲ್ಲ.

ಪುರಾಣಗಳಲ್ಲಿ ಬದಲಾವಣೆ ಕಣ್ಣು ಮಿಟುಕಿಸುವುದರೊಳಗೆ ಆಗುತ್ತದೆ. ಇಳೆ ಒಂದು ತಿಂಗಳು ಗಂಡು, ಒಂದು ತಿಂಗಳು ಹೆಣ್ಣು. ದನಿ ಕಲಿಯುವ ತಾಪತ್ರಯ ಇಲ್ಲ. ಆದರೂ ಬೃಹನ್ನಳೆಯನ್ನು ನೋಡಿ: ಊರ್ವಶಿಯ ಶಾಪ ಒಂದೇ ಸಾಲಲಿಲ್ಲ, ಗಂಧರ್ವ ಚಿತ್ರಸೇನನ ಹತ್ತಿರ ಕಲಿತ ನೃತ್ಯ ಇಲ್ಲದಿದ್ದರೆ ವಿರಾಟನ ಮಗಳಿಗೆ ಪಾಠ ಹೇಳುವುದು ಹೇಗೆ? ಅರ್ಜುನನಿಗೂ ತರಬೇತಿ ತಪ್ಪಲಿಲ್ಲ.

ನನ್ನ ಈ ವಾದಕ್ಕೆಲ್ಲ ಎದುರಾಗಿ ಗಟ್ಟಿ ಸಾಕ್ಷಿಯೊಂದಿದೆ, ಅದನ್ನು ಮುಚ್ಚಿಡಬಾರದು. ಬ್ರಿಟನ್ನಿನ ಲೇಖಕಿ ಜಾನ್ ಮಾರಿಸ್ ತಮ್ಮ 1974ರ ಆತ್ಮಕಥನದಲ್ಲಿ, ಮೂರೋ ನಾಲ್ಕೋ ವರ್ಷವಿದ್ದಾಗ ತಾಯಿ ನುಡಿಸುತ್ತಿದ್ದ ಪಿಯಾನೊ ಕೆಳಗೆ ಕೂತಿದ್ದಾಗಲೇ ತಾನು ತಪ್ಪು ಮೈಯಲ್ಲಿ ಹುಟ್ಟಿದ್ದೇನೆಂದು ತಿಳಿಯಿತು ಎನ್ನುತ್ತಾರೆ. ಹೀಗೆ ಮೊದಲಿನಿಂದಲೂ ಗೊತ್ತಿತ್ತು ಎನ್ನುವವರು ಬಹಳ ಮಂದಿ. ಅವರ ಮಾತನ್ನು ಸುಳ್ಳು ಎನ್ನಲು ನಾನು ಯಾರು? ಆದರೆ ಅದೇ ಮಾರಿಸ್ ಎಲಿಜಬೆತ್ ಎಂಬವರನ್ನು ಮದುವೆಯಾಗಿ ಮಕ್ಕಳನ್ನು ಪಡೆದರು, 1953ರಲ್ಲಿ ವರದಿಗಾರರಾಗಿ ಎವರೆಸ್ಟ್ ತಂಡದ ಜೊತೆ ಹೋದರು, 1972ರಲ್ಲಿ ಕಾಸಾಬ್ಲಾಂಕಾದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು, ಅಂದಿನ ಕಾನೂನಿಗಾಗಿ ವಿಚ್ಛೇದನ ಪಡೆದೂ ಅದೇ ಎಲಿಜಬೆತ್ ಜೊತೆ ಬಾಳಿದರು, 2008ರಲ್ಲಿ ಅವರೊಂದಿಗೇ ಮತ್ತೆ ಕಾನೂನಿನ ಜೊತೆಗಾರಿಕೆ ಮಾಡಿಕೊಂಡರು. ಪಿಯಾನೊ ಕೆಳಗೆ ತಿಳಿದದ್ದು ದಿಕ್ಕು. ದಾರಿಗೆ ಇನ್ನುಳಿದ ಆಯುಷ್ಯವೆಲ್ಲ ಬೇಕಾಯಿತು. ನಮ್ಮ ನೆರೆಯ ತಮಿಳುನಾಡಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಬಾಳಿ ಕೆಲಸ ಮಾಡಿದ ಎ. ರೇವತಿಯವರ ಆತ್ಮಕಥೆ ದು. ಸರಸ್ವತಿಯವರ ಕನ್ನಡದಲ್ಲಿ ‘ಬದುಕು ಬಯಲು’ ಆಗಿ ಬಂದಿದೆ. ಹಿಜಡಾ ಸಮುದಾಯ ಶಸ್ತ್ರಕ್ರಿಯೆಯನ್ನು ‘ನಿರ್ವಾಣ’ ಎಂದು ಕರೆಯುತ್ತದೆ. ಅಲ್ಲಿಗೆ ಎಲ್ಲ ಬಿಡುಗಡೆ ಎಂಬಂತೆ. ಪುಸ್ತಕ ಅಲ್ಲಿ ಮುಗಿಯುವುದಿಲ್ಲ. ನಿರ್ವಾಣದ ಆಚೆಗೂ ಮನೆ, ದುಡಿಮೆ, ಪೊಲೀಸು, ಪ್ರೀತಿ ಎಲ್ಲವೂ ಉಳಿದೇ ಇರುತ್ತವೆ.

ಹಾಗಾದರೆ ಗುಮಾಸ್ತರ ಪ್ರಶ್ನೆ? ಅವರು ಸ್ವಂತಕ್ಕೆ ಹುಟ್ಟಿಸಿಕೊಂಡ ಪ್ರಶ್ನೆಯಲ್ಲ ಅದು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ನಾಲ್ಸಾ ಪ್ರಕರಣದಲ್ಲಿ, ತಾನು ಯಾವ ಲಿಂಗ ಎಂದು ಹೇಳುವ ಹಕ್ಕು ಆಯಾ ವ್ಯಕ್ತಿಯದು, ಅದಕ್ಕೆ ಶಸ್ತ್ರಚಿಕಿತ್ಸೆಯ ಷರತ್ತು ಹಾಕುವುದು ಸಲ್ಲದು ಎಂದಿತು. ಐದು ವರ್ಷದ ಮೇಲೆ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ 2019ರ ಕಾಯ್ದೆ ಬಂದಾಗ ಎರಡು ಮೆಟ್ಟಿಲು ಇಟ್ಟರು: ಜಿಲ್ಲಾಧಿಕಾರಿಯಿಂದ ಟ್ರಾನ್ಸ್‌ಜೆಂಡರ್ ಎಂಬ ಗುರುತಿನ ಪತ್ರ ಮೊದಲು, ಗಂಡು ಅಥವಾ ಹೆಣ್ಣು ಎಂದು ತಿದ್ದಿಸಬೇಕಾದರೆ ಶಸ್ತ್ರಚಿಕಿತ್ಸೆಯ ದಾಖಲೆ ಆಮೇಲೆ. ಕಡತಕ್ಕೆ ಮುಕ್ತಾಯ ಬೇಕು, ಅರ್ಥವಾಗುತ್ತದೆ. ಕರ್ನಾಟಕ 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಇವರಿಗೆ ಶೇಕಡ 1ರ ಮೀಸಲಾತಿ ಕೊಟ್ಟಿತಲ್ಲ, ಅದಕ್ಕೂ ಯಾರಿಗೆ ಎಂಬ ಗೆರೆ ಬೇಕು. ಗೆರೆ ಎಳೆಯಲಿ. ಆದರೆ ಕಡತ ಮುಚ್ಚುವ ಅನುಕೂಲಕ್ಕೆ ಮನುಷ್ಯರ ಮೈಯನ್ನು ಮುಗಿಸಿ ತನ್ನಿ ಎನ್ನುವುದು ಬೇರೆ.

ಇಲ್ಲಿ ಜಾಣ ಓದುಗರು ನನ್ನನ್ನು ಹಿಡಿಯುತ್ತಾರೆ. ಮುಗಿಯದ ಹುಡುಕಾಟ ಎಂದು ನೀವೇ ಹೇಳುತ್ತೀರಿ, ಹಾಗಾದರೆ ಅವರಿಗೇ ಖಚಿತವಿಲ್ಲ ಎಂದಾಯಿತು, ಖಚಿತವಾಗುವ ತನಕ ಕಾಯಲಿ. ಈ ವಾದವನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಹಾರ್ಮೋನು ತರುವ ಕೆಲವು ಬದಲಾವಣೆ ಹಿಂದಕ್ಕೆ ಹೋಗುವುದಿಲ್ಲ. ನಡುದಾರಿಯಲ್ಲಿ ನಿಂತವರು ಇದ್ದಾರೆ, ಹಿಂದಿರುಗಿದವರೂ ಇದ್ದಾರೆ, ಅವರ ಅನುಭವವೂ ತಿಳುವಳಿಕೆಯೇ. ಹಾಗಾಗಿ ವೈದ್ಯರು ಕೂರಿಸಿ ಮಾತಾಡಿಸಿ ನಿಧಾನಿಸಿದರೆ ತಪ್ಪಿಲ್ಲ. ನಿಧಾನಿಸುವುದಕ್ಕೂ ಕಾಯಿಸಿ ಸತಾಯಿಸುವುದಕ್ಕೂ ಇರುವ ವ್ಯತ್ಯಾಸ ಸರ್ಕಾರಿ ಬಾಗಿಲಲ್ಲಿ ನಿಂತ ಎಲ್ಲರಿಗೂ ಗೊತ್ತು. ಆದರೆ ‘ಪೂರ್ತಿ ಖಚಿತವಾದ ಮೇಲೆ’ ಎಂಬ ಷರತ್ತನ್ನು ನಾವು ಬೇರೆ ಯಾರಿಗೆ ಹಾಕಿದ್ದೇವೆ? ಇಪ್ಪತ್ತನಾಲ್ಕರ ಹುಡುಗ ಹುಡುಗಿ ಅಗ್ನಿಯ ಸುತ್ತ ಏಳು ಹೆಜ್ಜೆ ಇಟ್ಟು ಜನ್ಮವನ್ನೇ ಬರೆದುಕೊಡುತ್ತಾರೆ, ಅವರನ್ನು ಯಾರೂ ಮನೋವೈದ್ಯರ ಚೀಟಿ ಕೇಳುವುದಿಲ್ಲ. ಗಂಡಸಾಗಿ ಹುಟ್ಟಿ ಗಂಡಸಾಗಿಯೇ ಅರವತ್ತು ದಾಟಿದವರು, ರಿಟೈರಾದ ಮಾರನೆಯ ದಿನ ತಾನು ಯಾರು ಎಂದು ತಿಳಿಯದೆ ಹಜಾರದಲ್ಲಿ ಕೂತು ಪೇಪರನ್ನು ಮೂರನೆಯ ಸಲ ಓದುವುದನ್ನು ನೋಡಿದ್ದೇನೆ. ತಿಳಿವಳಿಕೆ ಅಪೂರ್ಣ ಎಂಬುದು ಹಕ್ಕು ತಡೆಹಿಡಿಯಲು ಕಾರಣವಾದರೆ ಯಾರಿಗೂ ಯಾವ ಹಕ್ಕೂ ಉಳಿಯುವುದಿಲ್ಲ.

ನಮ್ಮ ನುಡಿಯಲ್ಲಿ ಯಾರೂ ಮೊದಲ ದಿನದಿಂದ ಅವನು, ಅವಳು ಆಗಿರುವುದಿಲ್ಲ. ತೊಟ್ಟಿಲಲ್ಲಿ ಇರುವುದು ‘ಅದು’. ಮಗು ಅಳುತ್ತಿದೆ, ಕೂಸು ನಗುತ್ತಿದೆ. ಯಾವ ವಯಸ್ಸಿನಲ್ಲಿ ಅದು ಅವಳಾಯಿತು, ಅವನಾಯಿತು ಎಂದು ಯಾವ ತಾಯಿಯೂ ಬರೆದಿಟ್ಟಿಲ್ಲ. ಆಮೇಲೆ ಹುಡುಗಿ ಮೈನೆರೆದರೆ ‘ದೊಡ್ಡವಳಾದಳು’ ಎನ್ನುತ್ತೇವೆ, ಆರತಿ ಮಾಡುತ್ತೇವೆ. ಆಗುವುದನ್ನು ಇಷ್ಟು ಸಹಜವಾಗಿ ಆಡಿಕೊಳ್ಳುವ ಜನಕ್ಕೆ ಇನ್ನೊಬ್ಬಳು ಆಗುತ್ತಿದ್ದಾಳೆ ಎಂಬುದು ಅಷ್ಟು ವಿಚಿತ್ರವಾಗಬೇಕಿಲ್ಲ. ಗೊತ್ತಾಗದಿದ್ದರೆ ‘ಅವರು ಬಂದರು’ ಎನ್ನಿ, ಕನ್ನಡ ಆ ಮರ್ಯಾದೆಯನ್ನು ಬಿಟ್ಟಿಯಾಗಿ ಕೊಡುತ್ತದೆ. ಅವಳು ಎನ್ನಿ ಎಂದು ಕೇಳಿದರೆ ಅವಳು ಎನ್ನಿ. ಪೂರ್ತಿ ಆಯ್ತಾ ಎಂದು ಮಾತ್ರ ಕೇಳಬೇಡಿ.

ಅವಳ ಹೊಸ ಅಂಕಪಟ್ಟಿ ಇನ್ನೂ ಬಂದಿಲ್ಲ. ಕಳೆದ ತಿಂಗಳು ಊರಿಗೆ ಹೋಗಿದ್ದಳು, ಆರು ವರ್ಷದ ಮೇಲೆ. ತಾಯಿ ಮೊದಲೆಲ್ಲ ‘ಮಗನೇ’ ಎನ್ನುತ್ತಿದ್ದವರು. ‘ಮಗಳೇ’ ಎನ್ನಲು ಎರಡು ಸಲ ಬಾಯಿ ತೆರೆದರಂತೆ, ಆಗಲಿಲ್ಲ. ರಾತ್ರಿ ಮುದ್ದೆ ಬಡಿಸುವಾಗ “ಇನ್ನೊಂಚೂರು ಹಾಕ್ಲಾ ಮಗು?” ಎಂದು ಕೇಳಿದರು. ಈಗ ಫೋನಿನಲ್ಲೂ ಹಾಗೇ ಕರೆಯುತ್ತಾರೆ. “ಸದ್ಯಕ್ಕೆ ಸಾಕು” ಅನ್ನುತ್ತಾಳೆ ಇವಳು.